ಹೌದೋ ಅಲ್ಲೋ ಶೇಖಪ್ಪನವರು

ಶೇಖಪ್ಪನವರ ಮಾತು ಪೂರ್ಣವಿರಾಮದಲ್ಲಿ ಮುಗಿದದ್ದನ್ನು ನಾನು ಬಹುಕಾಲ ಕೇಳಿರಲಿಲ್ಲ. ಬಿಸಿಲು ಜೋರಾಗಿದೆ ಎನ್ನುವುದಿರಲಿ, ಚಹಕ್ಕೆ ಸಕ್ಕರೆ ಸಾಲದು ಎನ್ನುವುದಿರಲಿ, ಮಾನವಜನ್ಮ ದೊಡ್ಡದು ಎಂಬ ಘನ ತತ್ತ್ವವೇ ಇರಲಿ, ಕೊನೆಗೆ ಬಲಗೈಯ ತೋರುಬೆರಳನ್ನು ಕೊಡೆಯ ಹಿಡಿಕೆಯಂತೆ ಬಾಗಿಸಿ, ಎಡಹುಬ್ಬನ್ನು ಹಣೆಯ ಅರ್ಧದವರೆಗೆ ಏರಿಸಿ, "ಹೌದೋ ಅಲ್ಲೋ?" ಎಂದು ಕೇಳಲೇಬೇಕು. ಎದುರಿಗಿದ್ದವರು "ಹೌದ್ರಿ" ಅನ್ನುವ ತನಕ ಆ ಬೆರಳು ಇಳಿಯುತ್ತಿರಲಿಲ್ಲ. "ಅಲ್ಲ" ಎಂಬ ಉತ್ತರವೂ ಆ ಪ್ರಶ್ನೆಯೊಳಗೇ ಕೂತಿದೆ ಎಂಬುದನ್ನು ಕೇಳುವವರೂ ಮರೆತಿದ್ದರು, ಅವರೂ ಮರೆತಿದ್ದರು.

ಬ್ಯಾಡಗಿ ಊರು ಅವರ ಮನೆತನದ ಹೆಸರನ್ನು ಎಂದೋ ಕೈಬಿಟ್ಟು "ಹೌದೋ ಅಲ್ಲೋ ಶೇಖಪ್ಪ" ಎಂದು ಕರೆಯುತ್ತಿತ್ತು. ಹುಡುಗರಂತೂ ಶೇಖಪ್ಪನನ್ನೂ ಕೈಬಿಟ್ಟು ಬರಿಯ "ಹೌದೋ ಅಲ್ಲೋ ಅಜ್ಜ" ಅನ್ನುತ್ತಿದ್ದರು. ಅದರಿಂದ ಅವರಿಗೆ ಬೇಸರವಿರಲಿಲ್ಲ, ಹೆಮ್ಮೆಯಿತ್ತು. "ಅಡ್ಡಹೆಸರು ಗಳಿಸಾಕ ಪುಣ್ಯಾ ಬೇಕ್ರಿ ಬಾಯಾರ. ಅಪ್ಪ ಇಟ್ಟ ಹೆಸರು ಎಲ್ಲಾರಿಗೂ ಇರತೈತಿ, ಊರು ಇಟ್ಟ ಹೆಸರು ಒಬ್ಬೊಬ್ಬರಿಗೆ. ಹೌದೋ ಅಲ್ಲೋ?" ಎಂದು ನನ್ನನ್ನು ಕೇಳಿದ್ದರು. ನಾನೂ ಎಲ್ಲರ ಹಾಗೆ ಹೌದೆಂದಿದ್ದೆ.

ನಾನು ಆಗ ಬ್ಯಾಂಕಿನ ಕೆಲಸದಲ್ಲಿ ಹಾವೇರಿಯಿಂದ ಬ್ಯಾಡಗಿಗೆ ವರ್ಗವಾಗಿ ಬಂದವಳು; ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಹುಟ್ಟಿದ್ದು ಗುತ್ತಲದಲ್ಲಿ. ಮೀಸೆ ಚಿಗುರುವ ಮೊದಲೇ ಮನೆ ಬಿಟ್ಟು ನಾಟಕ ಕಂಪನಿ ಸೇರಿ, ಜೀವಮಾನದ ಬಹುಪಾಲು ರಂಗದ ಮೇಲೆ ಮನೆಯಾಳಾಗಿಯೇ ಕಳೆದವರು. ಸಾಹುಕಾರ ಕರೆದಾಗ ತಟ್ಟೆ ಹಿಡಿದು ಬರುವುದು, ಎಡವುವುದು, ಬೈಸಿಕೊಳ್ಳುವುದು, ಒದೆ ತಿನ್ನುವುದು, ಪರದೆ ಬೀಳುವ ಮುನ್ನ ಒಮ್ಮೆ ದೆವ್ವಕ್ಕೆ ಹೆದರುವುದು, ಇಷ್ಟೇ ಪಾತ್ರ. ಆ ತಟ್ಟೆ ಅವರ ಮೈಯನ್ನು ಬಿಟ್ಟು ಹೋಗಿರಲಿಲ್ಲ. ಪೇಟೆಯಲ್ಲಿ ನಡೆಯುವಾಗಲೂ ಎಡಗೈ ಮೊಣಕೈಯಲ್ಲಿ ಮಡಚಿ, ಅಂಗೈ ಆಕಾಶ ನೋಡುತ್ತ ಭುಜದ ಮಟ್ಟದಲ್ಲಿ ನಿಂತಿರುತ್ತಿತ್ತು. ಅದರ ಮೇಲೆ ಯಾರೋ ಚಹದ ಕಪ್ಪುಗಳನ್ನು ಇಟ್ಟಿದ್ದಾರೆ, ಇವರು ಅವು ಚೆಲ್ಲದ ಹಾಗೆ ಸಂತೆ ದಾಟುತ್ತಿದ್ದಾರೆ ಎನ್ನುವ ಹಾಗೆ. ಹಿಂದಿನಿಂದ ನೋಡಿದರೂ ಇವರೇ ಎಂದು ಗುರುತು ಹತ್ತುತ್ತಿತ್ತು.

ಕಂಪನಿ ರಾಣೇಬೆನ್ನೂರಿನ ಕ್ಯಾಂಪಿನಲ್ಲಿ ಮುಚ್ಚಿಹೋದಾಗ ಕಲಾವಿದರು ಕೈಗೆ ಸಿಕ್ಕ ಸಾಮಾನು ಹಂಚಿಕೊಂಡರಂತೆ. ಇವರ ಪಾಲಿಗೆ ಬಂದದ್ದು ಸಾಹುಕಾರನ ಪಾತ್ರದ ಕರಿಯ ಕೋಟು. ಒಮ್ಮೆಯೂ ಸಾಹುಕಾರನಾಗದ ಮನುಷ್ಯ ಅಂದಿನಿಂದ ಆ ಕೋಟನ್ನು ಮೈಯಿಂದ ಇಳಿಸಲಿಲ್ಲ. ಬೇಸಿಗೆಯ ಬ್ಯಾಡಗಿಯಲ್ಲಿ ಕೋಟು ತೊಡುವುದೆಂದರೆ ಮೈಗೆ ಮೆಣಸಿನಪುಡಿ ಸವರಿಕೊಂಡ ಹಾಗೆ. ಬೆವರು ಕಾಲರಿನಿಂದ ಹನಿಯುತ್ತಿದ್ದರೂ ಅವರು ಗುಂಡಿ ಬಿಚ್ಚಿದವರಲ್ಲ. ಬಿಚ್ಚಲು ನಾಲ್ಕಾರು ಗುಂಡಿಗಳೂ ಇರಲಿಲ್ಲವೆನ್ನಿ, ಇದ್ದವೂ ಒಂದೊಂದು ಒಂದೊಂದು ಬಣ್ಣದವು.

ಅವರಿಗೆ ಎರಡನೆಯ ಜನ್ಮ ಕೊಟ್ಟದ್ದು ಅದೇ ರಾಣೇಬೆನ್ನೂರು. ಅಲ್ಲಿನ ವಿಡಿಯೊ ಅಂಗಡಿಯೊಂದು ಬಾಗಿಲು ಹಾಕುವಾಗ ಯಾರೂ ಮೂಸಿ ನೋಡದ ಒಂದು ಚೀಲ ಸೀಡಿಗಳನ್ನು ಇವರು ಹೊತ್ತುಕೊಂಡು ಬಂದರು. ನೋಡಿದರೆ ಎಲ್ಲವೂ ಅಮೆರಿಕದ ಹಳೆಯ ಕಪ್ಪು-ಬಿಳುಪು ಹಾಸ್ಯಚಿತ್ರಗಳು. ಅಂಗಳದಷ್ಟು ದೊಡ್ಡ ಪಡಸಾಲೆಗಳು, ಬಾಲದ ಕೋಟಿನ ಗಂಡಸರು, ತುಪ್ಪಳದ ಶಾಲಿನ ಹೆಂಗಸರು, ಒಂದು ಬಾಗಿಲಲ್ಲಿ ಒಬ್ಬ ಹೋದರೆ ಇನ್ನೊಂದರಲ್ಲಿ ಇನ್ನೊಬ್ಬ ಬರುವ ಗಡಿಬಿಡಿ. ಶೇಖಪ್ಪನವರಿಗೆ ಇಂಗ್ಲಿಷಿನ ಗಂಧವಿಲ್ಲ. ಅದೇ ಒಳ್ಳೆಯದಾಯಿತು. ಧ್ವನಿ ಬಂದ್ ಮಾಡಿ, ಟೀವಿಯ ಪಕ್ಕದಲ್ಲಿ ನಿಂತು, ತಮ್ಮದೇ ಕಥೆ ಹೇಳತೊಡಗಿದರು. ಅಮೆರಿಕದ ಸಿರಿವಂತ ಬ್ಯಾಡಗಿಯ ದಲಾಲಿಯಾದ, ಅವನ ಹೆಂಡತಿ ದಾವಣಗೆರೆಯ ಸೊಕ್ಕಿನ ಹೆಣ್ಣಾದಳು, ನಡುಮನೆಯ ಜಗಳವೆಲ್ಲ ಗುರುವಾರದ ಮೆಣಸಿನಕಾಯಿ ದರದ ಮೇಲೆ ಆಗತೊಡಗಿತು.

ಅವರ ರಂಗಮಂದಿರವೆಂದರೆ ವೀರೇಂದ್ರನೆಂಬ ಮೆಣಸಿನಕಾಯಿ ವ್ಯಾಪಾರಿಯ ವಖಾರಿ, ಅಂದರೆ ಗೋದಾಮು. ಸುಗ್ಗಿಯ ತಿಂಗಳುಗಳಲ್ಲಿ ಅಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಅದು ಕಣ್ಣು ಬೇಡದ ಕೆಲಸ, ಬೆರಳಿಗೇ ಗೊತ್ತು. ಕಣ್ಣು ಖಾಲಿ ಇದ್ದರೆ ಬಾಯಿ ಓಡುತ್ತದೆ, ಬಾಯಿ ಓಡಿದರೆ ಕೈ ನಿಲ್ಲುತ್ತದೆ ಎಂದು ಲೆಕ್ಕ ಹಾಕಿದ ವೀರೇಂದ್ರ ಎದುರಿಗೊಂದು ಟೀವಿ ಇಡಿಸಿ, ಪಕ್ಕಕ್ಕೆ ಶೇಖಪ್ಪನವರನ್ನು ನಿಲ್ಲಿಸಿದ. ಅಡವಿಟ್ಟ ಮಾಲು ನೋಡಲು ಬ್ಯಾಂಕಿನಿಂದ ಹೋದ ನಾನು ಮೊದಲ ಸಲ ಆ ದೃಶ್ಯ ಕಂಡು ಬಾಗಿಲಲ್ಲೇ ನಿಂತುಬಿಟ್ಟೆ. ಕೆಂಪು ರಾಶಿಗಳ ನಡುವೆ ಸೆರಗಿನಿಂದ ಮೂಗು-ಬಾಯಿ ಬಿಗಿದುಕೊಂಡ ಹೆಂಗಸರು. ಮೆಣಸಿನ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು, ಎಲ್ಲರ ಹೆಗಲುಗಳೂ ಕೆಮ್ಮಿಗೋ ನಗುವಿಗೋ ಕುಣಿಯುತ್ತಿವೆ. ಯಾರ ಬಾಯಿಯೂ ಕಾಣುವಂತಿಲ್ಲ. ಶೇಖಪ್ಪನವರು ಆ ಒದ್ದೆ ಕಣ್ಣುಗಳನ್ನು ನೋಡಿಯೇ ತಮ್ಮ ಮಾತು ಎಷ್ಟು ಹತ್ತಿತೆಂದು ಅಳೆಯುತ್ತಿದ್ದರು.

ಆ ಚಿತ್ರಗಳಲ್ಲಿ ಇನ್ನೊಂದು ಬಗೆಯ ಜನ ಇದ್ದರು. ರೈಲಿನಲ್ಲಿ ಪೆಟ್ಟಿಗೆ ಹೊರುವ ಕರಿಯ, ಕಣ್ಣು ಸಣ್ಣದು ಮಾಡಿ ತಲೆಯಾಡಿಸುವ ಚೀನಾದ ಅಡುಗೆಯವ, ಗರಿ ಸಿಕ್ಕಿಸಿಕೊಂಡು ಕೂಗುವ ಕಾಡಿನವ. ಒಂದು ಗಳಿಗೆ ಬರುತ್ತಾರೆ, ನಗಿಸುತ್ತಾರೆ, ಹೋಗುತ್ತಾರೆ. ಕಥೆಗೆ ಅವರಿಂದ ಆಗಬೇಕಾದ್ದು ಏನೂ ಇಲ್ಲ. ಶೇಖಪ್ಪನವರು ಅವರಿಗೆಲ್ಲ ಒಂದೊಂದು ಹೆಸರಿಟ್ಟಿದ್ದರು. ಎಲ್ಲಕ್ಕಿಂತ ಹೆಚ್ಚು ಸಲ ಬರುತ್ತಿದ್ದವಳು ದಪ್ಪ ಮೈಯ ಕರಿಯ ಕೆಲಸದವಳು. ಚಿತ್ರ ಬೇರೆಯಾದರೂ, ನಟಿ ಬೇರೆಯಾದರೂ ಅದೇ ಏಪ್ರನ್ನು, ಅದೇ ತಟ್ಟೆ, ಅದೇ ಕಣ್ಣರಳಿಸುವಿಕೆ. ಅವಳಿಗೆ ಅವರಿಟ್ಟ ಹೆಸರು ಕಾಡಿಗೆವ್ವ.

ವಖಾರಿಯಲ್ಲಿ ಅಮೀರಬಿ ಎಂಬಾಕೆ ಇದ್ದಳು. ಹಳಿಯಾಳದ ಕಡೆಯ ಸಿದ್ದಿ ಮನೆತನದವಳು, ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಈ ನೆಲಕ್ಕೆ ತರಲ್ಪಟ್ಟವರ ವಂಶ. ಗಂಡ ಇಸಾಕಸಾಬ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲಿ. ಆಕೆಯದು ಕಡುಗಪ್ಪು ಮೈ, ಒತ್ತಾದ ಗುಂಗುರು ಕೂದಲು. ಆಡುವುದು ನಮ್ಮದೇ ಕನ್ನಡ, ನಮಗಿಂತ ಮೆಲ್ಲಗೆ. ಒಂದು ದಿನ ತೆರೆಯ ಮೇಲೆ ಆ ಕೆಲಸದವಳು ಬಂದಾಗ, ಮುಂದಿನ ಸಾಲಿನ ಉಡಚವ್ವ ಹಿಂದಕ್ಕೆ ತಿರುಗಿ, "ನೋಡ್ರೆ, ನಮ್ಮ ಅಮೀರಬಿ ಟೀವಿಯಾಗ ಬಂದಾಳ!" ಎಂದಳು. ವಖಾರಿ ಬಿದ್ದು ಬಿದ್ದು ನಕ್ಕಿತು. ಅದುವರೆಗೆ ತಾವು ಹೇಳಿದ ಯಾವ ಮಾತಿಗೂ ಅಷ್ಟು ನಗು ಹುಟ್ಟಿದ್ದನ್ನು ಶೇಖಪ್ಪನವರು ಕಂಡಿರಲಿಲ್ಲ. ನಗೆಯ ರುಚಿ ಹತ್ತಿದ ನಾಲಿಗೆ ಅದನ್ನು ಬಿಟ್ಟೀತೇ? ಅಂದಿನಿಂದ ಕಾಡಿಗೆವ್ವ ತೆರೆಗೆ ಬಂದಾಗಲೆಲ್ಲ ಅವರ ಬಾಗಿದ ಬೆರಳು ಅಮೀರಬಿಯ ಕಡೆಗೆ ಹೊರಳುತ್ತಿತ್ತು.

ಅವರು ಆಕೆಯನ್ನು ನೋಡದೆ ಇರುತ್ತಿರಲಿಲ್ಲ, ನೋಡಿಯೇ ಮೋಸಹೋದರು. ಕಣ್ಣಲ್ಲಿ ಧಾರಾಕಾರ ನೀರು, ಬಾಯಿಗೆ ಒತ್ತಿ ಹಿಡಿದ ಸೆರಗು, ಕುಣಿಯುವ ಹೆಗಲು. ಮನೆಗೆ ಬಂದು ನನ್ನ ಮುಂದೆ ಹೇಳಿದರು: "ಎಲ್ಲಾರಕಿಂತ ಹೆಚ್ಚು ನಗಾಕಿ ಅಕೀನ ನೋಡ್ರಿ ಬಾಯಾರ. ತನ್ನ ಮ್ಯಾಲಿನ ಮಾತಿಗೆ ತಾನ ನಗಾಕ ದೊಡ್ಡ ಮನಸ್ಸು ಬೇಕು. ಹೌದೋ ಅಲ್ಲೋ?"

ಹೆಸರಿಗೆ ಕಾಲಿರುತ್ತದೆ. ವಖಾರಿಯಲ್ಲಿ "ಕಾಡಿಗೆವ್ವಾ, ಬುಟ್ಟಿ ತಾ" ಆಯಿತು. ಓಣಿಯ ನಲ್ಲಿಯ ಹತ್ತಿರ ಆಯಿತು, ಮಾರುಕಟ್ಟೆಯಲ್ಲಿ ಇಸಾಕಸಾಬ ಕಾಡಿಗೆವ್ವನ ಗಂಡನಾದ. ಕೊನೆಗೆ ಅದು ಶಾಲೆಯ ಗೇಟನ್ನೂ ದಾಟಿತು. ವಖಾರಿಯ ಆಚೆ ಆದದ್ದೆಲ್ಲ ನಮಗೆ ತಿಳಿದದ್ದು ಮಾತ್ರ ಬಹಳ ತಡವಾಗಿ.

ಅದು ಒಂದು ರವಿವಾರ. ಅವ್ವನಿಗೆ ಹಾವೇರಿಗೆ ಕಳಿಸಲು ಮೆಣಸಿನಕಾಯಿ ಆರಿಸಿಕೊಳ್ಳಲೆಂದು ನಾನು ವಖಾರಿಗೆ ಹೋಗಿದ್ದೆ. ತೆರೆಯ ಮೇಲೆ ಭೂತದ ಮನೆಯ ದೃಶ್ಯ. ಬಿಳಿಯ ನಾಯಕ ಧೈರ್ಯವಾಗಿ ಮೆಟ್ಟಿಲು ಹತ್ತುತ್ತಿದ್ದಾನೆ. ಕೆಲಸದವಳು ಕಣ್ಣು ಹೊರಗೆ ಬೀಳುವಂತೆ ಅರಳಿಸಿ ಮಂಚದ ಕೆಳಗೆ ತೂರುತ್ತಿದ್ದಾಳೆ. ಶೇಖಪ್ಪನವರು ಕೋಟಿನ ಕಾಲರು ಎತ್ತಿ, ಧ್ವನಿ ನಡುಗಿಸಿ, "ಕಾಡಿಗೆವ್ವಗ ದೆವ್ವ ಕಂಡ್ರ ಅಂಜಿಕಿ, ದೆವ್ವಕ್ಕ ಕಾಡಿಗೆವ್ವನ ಕಂಡ್ರ ಅಂಜಿಕಿ! ಹೌದೋ ಅಲ್ಲೋ?" ಅಂದರು.

"ಹೌದು!" ಎಂದಿತು ವಖಾರಿ. ನಕ್ಕವರಲ್ಲಿ ನಾನೂ ಇದ್ದೆ.

"ಅಲ್ರಿ."

ಧ್ವನಿ ದೊಡ್ಡದಿರಲಿಲ್ಲ. ಅಮೀರಬಿ ಬಾಯಿಗೆ ಕಟ್ಟಿದ ಸೆರಗನ್ನು ಗದ್ದಕ್ಕೆ ಇಳಿಸಿದ್ದಳು. ಆ ಬಾಯಿಯಲ್ಲಿ ನಗುವಿನ ಗುರುತೂ ಇರಲಿಲ್ಲ. ಎಂದೂ ಇದ್ದಿರಲಿಕ್ಕಿಲ್ಲ ಎಂದು ನೋಡಿದೊಡನೆ ತಿಳಿಯುತ್ತಿತ್ತು.

"ಅಲ್ರಿ. ನನ್ನ ಮಗಳು ಸಾಲಿಗೆ ಹೋಗಾಕ ಒಲ್ಲೆ ಅಂತಾಳ. ಸಣ್ಣ ಕಾಡಿಗೆವ್ವ ಅಂತ ಕರೀತಾರಂತ ಅಕೀನ್ನ. ಜುಬೇದಾ ಅಂತ ಹೆಸರಿಟ್ಟೇನ್ರಿ ನಾ ಅಕಿಗೆ."

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಸೆರಗನ್ನು ಮತ್ತೆ ಬಿಗಿದುಕೊಂಡು, ತನ್ನ ಮುಂದೆ ಉಳಿದಿದ್ದ ನಾಲ್ಕು ಕಾಯಿಗಳನ್ನೂ ಬಿಡಿಸಿ, ಬುಟ್ಟಿ ಬೋರಲು ಹಾಕಿ ಎದ್ದುಹೋದಳು. ತೆರೆಯ ಮೇಲೆ ಆ ಕೆಲಸದವಳು ಇನ್ನೂ ಮಂಚದ ಕೆಳಗೇ ಇದ್ದಳು. ಶೇಖಪ್ಪನವರ ಬೆರಳು ಬಾಗಿದ್ದದ್ದು ಬಾಗಿದಂತೆಯೇ ಇತ್ತು, ಇಳಿಸುವುದು ಹೇಗೆಂದು ಅವರಿಗೆ ಹೊಳೆಯಲಿಲ್ಲ.

ಅಂದು ಸಂಜೆ ಅವರು ಊಟ ಮಾಡಲಿಲ್ಲ. ಅಂಗಳದಲ್ಲಿ ನನ್ನೆದುರು ಕೂತು, ನೆಲ ನೋಡುತ್ತ ಹೇಳಿದರು: "ಕಂಪನಿಯಾಗ ನನಗ ಮಸಿ ಬಳೀತಿದ್ರು ಬಾಯಾರ. ಮನಿಯಾಳು ಅಂದ್ರ ಕರ್ರಗ ಇರಬೇಕು ಅಂತ. ಆಟ ಮುಗದ ಮ್ಯಾಲೆ ಕೊಬ್ರಿ ಎಣ್ಣಿ ಹಚ್ಚಿ ತೊಳಕೊಂತಿದ್ದೆ. ಊರಾಗ ಅಂಟಿಸಿದ ಗೋಡೆಹಾಳಿಯೊಳಗ ಎಲ್ಲಾರ ಹೆಸರೂ ಇರ್ತಿತ್ತು, ನಂದು ಇರ್ತಿದ್ದಿಲ್ಲ. ನನಗ ಗೊತ್ತಿತ್ರಿ ಅದು ಹೆಂಗ ಇರತೈತಿ ಅಂತ. ಗೊತ್ತಿದ್ದೂ ಮಾಡಿದ್ನಿ. ನನ್ನ ಮಸಿ ತೊಳದ್ರ ಹೋಗ್ತಿತ್ತು." ಮಾತಿನ ಕೊನೆಗೆ ಹೌದೋ ಅಲ್ಲೋ ಬರಲಿಲ್ಲ. ನಾನು ಅಭ್ಯಾಸಬಲದಿಂದ ಅದಕ್ಕೆ ಕಾಯುತ್ತ ಕೂತಿದ್ದೆ.

ಮರುದಿನ ಅಮೀರಬಿ ಕೆಲಸಕ್ಕೆ ಬರಲಿಲ್ಲ. ಶೇಖಪ್ಪನವರು ಟೀವಿ ಹಚ್ಚದೆ ವಖಾರಿಯ ನಡುವೆ ನಿಂತು, "ಇನ್ನ ಮ್ಯಾಲೆ ಆ ಹೆಸರು ಯಾರೂ ಅನಬ್ಯಾಡ್ರಿ. ಅಕಿ ಹೆಸರು ಅಮೀರಬಿ. ತಪ್ಪು ನಂದು" ಎಂದರಂತೆ. ಹೆಂಗಸರು ಕೈಕೆಲಸ ನಿಲ್ಲಿಸಿ ಕಾದರು, ಮುಂದಿನ ಮಾತಿಗೆ, ನಗೆ ಸಿಡಿಯುವ ಮಾತಿಗೆ. ಅದು ಬರಲಿಲ್ಲ. ಹಾಗಾದರೆ ಮಾತು ಸಾಲದೆಂದು ಇವರು ಎರಡೂ ಕಿವಿ ಹಿಡಿದು ಮೊಣಕಾಲೂರಿದರು. ಅಯ್ಯೋ, ಮೂವತ್ತು ವರ್ಷ ರಂಗದ ಮೇಲೆ ಸಾಹುಕಾರನ ಮುಂದೆ ಅವರು ಮಾಡುತ್ತಿದ್ದುದೂ ಇದೇ ಭಂಗಿ. ಮೈಗೆ ಬೇರೆ ಭಂಗಿಯೇ ಗೊತ್ತಿರಲಿಲ್ಲ. ವಖಾರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಉಡಚವ್ವನ ಕೈಯಿಂದ ಬುಟ್ಟಿಯೇ ಉರುಳಿತಂತೆ. ಬಾಗಿಲಲ್ಲಿ ನಿಂತಿದ್ದ ವೀರೇಂದ್ರ, "ಶೇಖಪ್ಪ, ಹೊಸಾ ಆಟ ಛಲೋ ಕಟ್ಟೀದಿ, ದಿನಾ ಇದನ್ನ ಮಾಡು" ಎಂದು ಬೆನ್ನು ತಟ್ಟಿದ.

ಅವರು "ಅನಬ್ಯಾಡ್ರಿ" ಅಂದಷ್ಟೂ ಹೆಸರು ಗಟ್ಟಿಯಾಯಿತು. ಅದುವರೆಗೆ ಕೇಳದವರೂ ಯಾವ ಹೆಸರು ಅನ್ನಬಾರದೆಂದು ಕೇಳಿ ತಿಳಿದುಕೊಂಡರು. ಸಾಕು ಸಾಕಾಗಿ ಅವರು ಸೀಡಿಗಳ ಚೀಲ ಕಟ್ಟಿ ಅಟ್ಟಕ್ಕೆ ಹಾಕಿದರು, ವಖಾರಿಗೆ ಹೋಗುವುದನ್ನು ಬಿಟ್ಟರು. "ಮುದುಕಪ್ಪಗ ಸೊಕ್ಕು ಬಂದೈತಿ" ಎಂದು ಊರು ಅದಕ್ಕೂ ಒಂದು ಕಾರಣ ಹುಡುಕಿಕೊಂಡಿತು.

ಒಂದು ದಿನ ಅವರು ನನ್ನ ಕೋಣೆಯ ಬಾಗಿಲಿಗೆ ಬಂದು, "ಬಾಯಾರ, ಅಮೀರಬಿ ಮನಿತನಾ ಬರ್ತೀರೇನು? ಒಬ್ಬಾಂವ ಹೋದ್ರ ಮತ್ತ ಆಟ ಅನಕೊಂತಾರ" ಎಂದರು. ನೋಡಿದರೆ ಮೈಮೇಲೆ ಕೋಟಿರಲಿಲ್ಲ. ಕೋಟಿಲ್ಲದ ಶೇಖಪ್ಪನವರು ಎಷ್ಟು ಸಣ್ಣವರೆಂದು ನನಗೆ ಗೊತ್ತಿರಲಿಲ್ಲ. ಬಿಳಿಯ ಅಂಗಿಯೊಳಗೆ ಮೂಳೆ ಎಣಿಸುವಂತಿತ್ತು.

ಮನೆ ಸ್ಟೇಷನ್ನಿನ ಆಚೆ ಎಂಬುದಷ್ಟೇ ಗೊತ್ತು. ಮಟಮಟ ಮಧ್ಯಾಹ್ನ. ಕಿರಾಣಿ ಅಂಗಡಿಯವನನ್ನು ಅವರು ಕೇಳಿದರು: "ಅಮೀರಬಿ ಅವರ ಮನಿ ಎಲ್ಲೈತ್ರಿ?"

"ಯಾವ ಅಮೀರಬಿ?"

"ಇಸಾಕಸಾಬರ ಮನಿಯಾಕಿ."

ಅವನು ತಲೆ ಕೆರೆದುಕೊಂಡ. ಆಮೇಲೆ ಮುಖ ಅರಳಿಸಿ, "ಓ, ಕಾಡಿಗೆವ್ವನ ಮನಿ? ಹಂಗ ಕೇಳ್ರಲಾ ಅಜ್ಜಾರ! ಅಕೀದ, ಹೌದೋ ಅಲ್ಲೋ?" ಅಂದ, ದಾರಿ ತೋರಿಸಲು ಕೈಯನ್ನೂ ಎತ್ತಿದ.

"ಅಲ್ಲ" ಎಂದರು ಶೇಖಪ್ಪನವರು.

ನಾನು ದಂಗಾಗಿ ಅವರನ್ನೇ ನೋಡಿದೆ. ಎತ್ತಿದ ಕೈ ತೋರಿಸುತ್ತಿದ್ದ ಓಣಿಯ ಕಡೆ ಅವರು ಕಣ್ಣೂ ಹಾಯಿಸಲಿಲ್ಲ. ಬೆನ್ನು ತಿರುಗಿಸಿ ಬಿಸಿಲಿಗೆ ಇಳಿದರು. ಆಮೇಲೆ ಮನೆ ಮನೆಗೆ ಹೋಗಿ ಅದೊಂದೇ ಪ್ರಶ್ನೆ, "ಅಮೀರಬಿ ಅವರ ಮನಿ ಎಲ್ಲೈತ್ರಿ?" ಗೊತ್ತಿಲ್ಲ ಎಂದವರಿದ್ದರು, ಬಾಗಿಲು ಮುಚ್ಚಿದವರಿದ್ದರು. ಆ ಅಡ್ಡಹೆಸರು ಹೇಳಿ ಅವಳೇನಾ ಎಂದು ಕೇಳಿದವರಿಗೆಲ್ಲ ಅವರದು ಅದೇ ಉತ್ತರ: ಅಲ್ಲ, ಅಲ್ಲ. "ಶೇಖಪ್ಪನವರೇ, ಮನೆ ಸಿಕ್ಕರೆ ಸಾಕಲ್ಲವೇ?" ಎಂದು ನಾನು ಸಿಡುಕಿದೆ. "ಆ ಹೆಸರು ಹಿಡದು ಅಕಿ ಬಾಗಿಲಿಗೆ ಹೆಂಗ ಹೋಗ್ಲಿ ಬಾಯಾರ" ಎಂದರು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಮುಂದಿನ ಬಾಗಿಲನ್ನು ನಾನೇ ತಟ್ಟಿದೆ.

ಕೊನೆಗೆ ಹಾಲು ಹಾಕುವ ಭರಮವ್ವ ಎಂಬ ಮುದುಕಿ, "ನಮ್ಮ ಅಮೀರಬಿ? ಆ ಬೇವಿನಗಿಡದ ಹಿಂದ" ಎಂದಳು. ಆ ಮುದುಕಿಯ ಕಾಲು ಮುಟ್ಟಲು ಶೇಖಪ್ಪನವರು ಬಾಗಿದರು. ಆಕೆ ಗಾಬರಿಯಾಗಿ ಹಿಂದೆ ಸರಿದಳು.

ತಗಡಿನ ಮನೆ, ಸಾರಿಸಿದ ಅಂಗಳ. ಬಾಗಿಲಲ್ಲಿ ಎರಡು ಜಡೆಯ ಹುಡುಗಿ ಕೂತಿದ್ದಳು. ಶಾಲೆಯ ವೇಳೆ ಅದು, ಅವಳು ಮನೆಯಲ್ಲಿದ್ದಳು. ನಮ್ಮನ್ನು ಕಂಡು ಎದ್ದು, ಒಳಗೆ ಮುಖ ಮಾಡಿ ಕೂಗಿದಳು:

"ಅಮ್ಮಾ, ಹೌದೋ ಅಲ್ಲೋ ಅಜ್ಜ ಬಂದಾನ!"

ಒಳಗಿನಿಂದ ಅಮೀರಬಿ ಬಂದಳು. ಶೇಖಪ್ಪನವರನ್ನು ನೋಡಿದಳು. ಸೆರಗು ಹೆಗಲ ಮೇಲಿತ್ತು, ಮುಖ ಪೂರ್ತಿ ಕಾಣುತ್ತಿತ್ತು. ಮಗಳ ಕಡೆ ತಿರುಗಿ, ಗಟ್ಟಿ ದನಿಯಲ್ಲಿ, "ಹಂಗ ಅನಬಾರ್ದು ಜುಬೇದಾ. ಅವರಿಗೆ ಹೆಸರೈತಿ. ಶೇಖಪ್ಪನೋರು ಬಂದಾರ ಅನ್ನು" ಎಂದಳು.

ಹುಡುಗಿ ಹಾಗೆಯೇ ಅಂದಳು.

ಶೇಖಪ್ಪನವರು ಹೊಸ್ತಿಲ ಹೊರಗೆ ಮಣ್ಣಿನಲ್ಲೇ ಕೂತರು. ಎಷ್ಟೋ ವರ್ಷಗಳಿಂದ ಭುಜದ ಮಟ್ಟದಲ್ಲಿ ನಿಂತಿದ್ದ ಆ ಎಡಗೈ ಇಳಿದು ತೊಡೆಯ ಮೇಲೆ ಬಿತ್ತು. ಅಲ್ಲಿ ಮೆಣಸಿನ ಘಾಟಿರಲಿಲ್ಲ. ಅವರ ಕಣ್ಣಿನ ನೀರಿಗೆ ಬೇರೆ ಹೆಸರು ಹೇಳುವಂತಿರಲಿಲ್ಲ. ಅಮೀರಬಿ ಕ್ಷಮಿಸಿದೆ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಚೊಂಬಿನಲ್ಲಿ ನೀರು ತಂದಿಟ್ಟಳು. ತಾನೀಗ ಬೇರೆ ವಖಾರಿಗೆ ಹೋಗುತ್ತಿರುವುದಾಗಿಯೂ ಅಲ್ಲಿಯೂ ತನ್ನನ್ನು ಅದೇ ಹೆಸರಿನಿಂದ ಕರೆಯುತ್ತಾರೆಂದೂ ನನಗೆ ಹೇಳಿದಳು. ಹವಾಮಾನದ ಸಂಗತಿ ಹೇಳಿದಷ್ಟು ಸಾದಾ ಆಗಿ ಹೇಳಿದಳು.

ನನಗೆ ವರ್ಗವಾಗುವವರೆಗೂ ಶೇಖಪ್ಪನವರು ಅದೇ ಮನೆಯಲ್ಲಿದ್ದರು, ಸಣ್ಣದೊಂದು ಪಾನಬೀಡಾ ಅಂಗಡಿ ಇಟ್ಟುಕೊಂಡು. ಮಾತಿಗೆ ಪೂರ್ಣವಿರಾಮ ಬಂದಿತ್ತು. ಆ ಅಂಗಡಿಯ ಮುಂದೆ ಅಮೀರಬಿ ಹಾದುಹೋದರೆ ಎದ್ದು ನಿಲ್ಲುತ್ತಿದ್ದರು. ಅದನ್ನು ನೋಡಿಯೂ ಜನ ನಗುತ್ತಿದ್ದರು.

ನಗಿಸಿ ಬದುಕುವವರು ದುಷ್ಟರಲ್ಲ. ನಗುವಿನ ಹಸಿವು ಹತ್ತಿದವರು, ಅಷ್ಟೇ. ಆದರೆ ಆ ದೂರದೇಶದ ಪಡಸಾಲೆಯಿರಲಿ, ನಮ್ಮ ಕಂಪನಿ ನಾಟಕದ ಸಾಹುಕಾರನ ಮನೆಯಿರಲಿ, ಅವರ ಹಸಿವು ಹಿಂಗುವುದು ತಟ್ಟೆ ಹಿಡಿದು ನಿಂತವರಿಂದ. ಎದುರಿಗಿನ ಹೌದು ಹೌದು ಎಂಬ ಸದ್ದಿನಲ್ಲಿ ಬಹುಮಂದಿಗೆ ಆಯುಷ್ಯ ಮುಗಿದುಹೋಗುತ್ತದೆ. ಶೇಖಪ್ಪನವರಿಗೆ ಒಂದು "ಅಲ್ಲ" ಕೇಳಿಸಿತು, ಅವರು ಮನುಷ್ಯರಾದರು. ಅದನ್ನು ಅವರ ಭಾಗ್ಯ ಎಂದು ಬರೆಯಹೊರಟಿದ್ದೆ, ಕೈ ಬರಲಿಲ್ಲ. ಅವರು ಮನುಷ್ಯರಾಗಲೆಂದು ಜುಬೇದಾ ಶಾಲೆ ಬಿಡಬೇಕಾಯಿತು.